ತಾಯಿಗೆ ತಾಯಿಯ ನೆರವು: ಅದು ಹೇಗೆ ಕೆಲಸ ಮಾಡುತ್ತದೆ, ಎಲ್ಲಿಗೆ ಅದರ ಮಿತಿ

2024ರ ನವೆಂಬರಿನಲ್ಲಿ ಬಳ್ಳಾರಿಯ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರಂತೆ ತೀರಿಕೊಂಡ ಸುದ್ದಿ ಬಂದಾಗಿನಿಂದ, ಹೆರಿಗೆಯ ಸುರಕ್ಷತೆಯ ವಿಷಯ ವೈದ್ಯರ ಸಭೆಗಳನ್ನು ದಾಟಿ ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಮನೆಮಾತಾಗಿದೆ. ಚರ್ಚೆಯೆಲ್ಲ ಆಸ್ಪತ್ರೆ, ಔಷಧಿ, ವೈದ್ಯರ ಸುತ್ತಲೇ ನಡೆದದ್ದು ಸಹಜ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ನೂರು ಹೆರಿಗೆಗಳಲ್ಲಿ 97 ಆಸ್ಪತ್ರೆಗಳಲ್ಲೇ ಆಗುತ್ತವೆ. ಆದರೆ ಒಂಬತ್ತು ತಿಂಗಳ ಬಸುರು ಮತ್ತು ಅದರ ಮುಂದಿನ ಒಂದು ವರ್ಷವನ್ನು ಒಟ್ಟಿಗೆ ಹಿಡಿದರೆ, ಹೆಣ್ಣುಮಗಳು ಆಸ್ಪತ್ರೆಯಲ್ಲಿ ಕಳೆಯುವುದು ಕೆಲವೇ ದಿನ. ಉಳಿದ ಕಾಲವೆಲ್ಲ ಮನೆಯಲ್ಲಿ, ಹೊಲದಲ್ಲಿ, ಅಂಗನವಾಡಿಯ ಕಟ್ಟೆಯ ಮೇಲೆ ಕಳೆಯುತ್ತದೆ. ಆ ಕಾಲದಲ್ಲಿ ಏಳುವ ಅನುಮಾನವನ್ನು ಅವಳು ಮೊದಲು ಕೇಳುವುದು ವೈದ್ಯರನ್ನಲ್ಲ, ತನಗಿಂತ ಒಂದೆರಡು ವರ್ಷ ಮೊದಲು ಹಡೆದ ಇನ್ನೊಬ್ಬ ತಾಯಿಯನ್ನು. ಈ ಕೇಳಿ ಹೇಳುವ ವ್ಯವಹಾರ ಎಷ್ಟರ ಮಟ್ಟಿಗೆ ಜೀವ ಉಳಿಸುತ್ತದೆ, ಎಲ್ಲಿ ಅಪಾಯಕ್ಕೆ ದಾರಿಯಾಗುತ್ತದೆ ಎಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ.

ಯಾವುದನ್ನು ಒಡನಾಡಿ ನೆರವು ಎನ್ನುತ್ತಾರೆ

ಬಾಣಂತಿಯ ಸುತ್ತ ನೆರವಾಗುವವರು ಅನೇಕರಿರುತ್ತಾರೆ. ತವರಿನ ತಾಯಿ ಎಣ್ಣೆ-ನೀರು ಮಾಡಿಸುತ್ತಾಳೆ, ಅಂಟಿನ ಉಂಡಿ ಕಟ್ಟುತ್ತಾಳೆ. ಅತ್ತೆಗೆ ಮನೆಯ ಹಿರಿತನವಿರುತ್ತದೆ. ಆಶಾ ಕಾರ್ಯಕರ್ತೆಗೆ ತರಬೇತಿ ಇರುತ್ತದೆ, ಜೊತೆಗೆ ತುಂಬಿಸಬೇಕಾದ ರಿಜಿಸ್ಟರೂ ಇರುತ್ತದೆ. ಇವರೆಲ್ಲರೂ ಒಂದಲ್ಲ ಒಂದು ರೀತಿಯಲ್ಲಿ ಬಾಣಂತಿಗಿಂತ ಮೇಲಿನ ಸ್ಥಾನದಲ್ಲಿ ನಿಂತು ಮಾತನಾಡುವವರು. ಒಡನಾಡಿ ತಾಯಿ ಹಾಗಲ್ಲ. ಅವಳು ಅದೇ ಓಣಿಯವಳು, ಹೆಚ್ಚುಕಡಿಮೆ ಅದೇ ವಯಸ್ಸಿನವಳು, ಅದೇ ತೊಂದರೆಯನ್ನು ಈಚೆಗೆ ಕಂಡುಂಡವಳು. ಅವಳಿಗೆ ಹೆದರಬೇಕಾಗಿಲ್ಲ, ಅವಳೆದುರು ಮರ್ಯಾದೆ ಕಾಯಬೇಕಾಗಿಯೂ ಇಲ್ಲ. ಮೊಲೆತೊಟ್ಟು ಒಡೆದು ರಕ್ತ ಬರುತ್ತಿದೆ, ಹೊಲಿಗೆಯ ಜಾಗ ಉರಿಯುತ್ತಿದೆ, ಕೂಸನ್ನು ನೋಡಿದರೆ ಪ್ರೀತಿಯೇ ಬರುತ್ತಿಲ್ಲ ಎಂಬ ಮಾತುಗಳು ಅತ್ತೆಯ ಎದುರು ಬಾಯಿಗೆ ಬಾರದೆ ಉಳಿದರೂ ಇವಳ ಎದುರು ಬರುತ್ತವೆ.

ಇಂಥ ನೆರವು ಯಾವಾಗಲೂ ಇದ್ದದ್ದೇ. ಅದಕ್ಕೊಂದು ಕ್ರಮ ಬಂದದ್ದು ಕಳೆದ ಶತಮಾನದಲ್ಲಿ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1956ರಲ್ಲಿ ಏಳು ಮಂದಿ ತಾಯಂದಿರು ಸೇರಿ, ಎದೆಹಾಲು ಉಣಿಸುವ ತಾಯಂದಿರಿಗೆ ತಾಯಂದಿರೇ ಒತ್ತಾಸೆಯಾಗಲೆಂದು ಲಾ ಲೆಚೆ ಲೀಗ್ ಎಂಬ ಸಂಸ್ಥೆಯನ್ನು ಕಟ್ಟಿದರು. ಬಾಟಲಿ ಹಾಲೇ ಆಧುನಿಕವೆಂದು ಅಲ್ಲಿನ ಆಸ್ಪತ್ರೆಗಳು ನಂಬಿದ್ದ ಕಾಲವದು. ಮುಂದೆ 1989ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಸೇರಿ ಹೆರಿಗೆ ಆಸ್ಪತ್ರೆಗಳಿಗಾಗಿ ಹತ್ತು ಸೂತ್ರಗಳನ್ನು ಪ್ರಕಟಿಸಿದಾಗ, ತಾಯಂದಿರ ಬೆಂಬಲ ಗುಂಪುಗಳನ್ನು ಬೆಳೆಸಿ, ಮನೆಗೆ ಹೊರಟ ಬಾಣಂತಿಯನ್ನು ಅವುಗಳಿಗೆ ಒಪ್ಪಿಸಬೇಕು ಎಂಬುದು ಹತ್ತನೆಯ ಸೂತ್ರವಾಯಿತು.

ಪುರಾವೆ ಏನಿದೆ

ಹೆಂಗಸರು ಕೂಡಿ ಕುಳಿತು ಮಾತನಾಡಿದರೆ ಮಕ್ಕಳು ಬದುಕುತ್ತವೆಯೇ ಎಂದು ಸಂಶಯ ಬರುವುದು ನ್ಯಾಯವೇ. ಈ ಸಂಶಯವನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ಪರೀಕ್ಷೆಗೆ ಒಡ್ಡಿದ್ದು ನೇಪಾಳದ ಮಕವಾನ್‌ಪುರ ಜಿಲ್ಲೆಯಲ್ಲಿ. ಕೆಲವು ಊರುಗಳಲ್ಲಿ ತಿಂಗಳಿಗೊಮ್ಮೆ ಹೆಂಗಸರ ಗುಂಪು ಸೇರುವಂತೆ ಮಾಡಿ, ಉಳಿದ ಊರುಗಳನ್ನು ಇದ್ದ ಹಾಗೆಯೇ ಬಿಟ್ಟು, ಎರಡೂ ಕಡೆ ನವಜಾತ ಶಿಶುಗಳ ಸಾವನ್ನು ಎಣಿಸಿದರು. 2004ರಲ್ಲಿ ಫಲಿತಾಂಶ ಹೊರಬಂದಾಗ, ಗುಂಪುಗಳಿದ್ದ ಕಡೆ ಸಾವು ಸುಮಾರು 30 ಪ್ರತಿಶತ ಕಡಿಮೆ ಇತ್ತು. ಗುಂಪನ್ನು ನಡೆಸಿದ್ದು ವೈದ್ಯರೂ ಅಲ್ಲ, ನರ್ಸ್‌ಗಳೂ ಅಲ್ಲ; ಅದೇ ಪ್ರದೇಶದ ಒಬ್ಬ ಸಾಮಾನ್ಯ ಹೆಣ್ಣುಮಗಳು. ಅವಳು ಭಾಷಣ ಮಾಡುತ್ತಿರಲಿಲ್ಲ, ಚಿತ್ರದ ಕಾರ್ಡು ತೋರಿಸಿ ಪ್ರಶ್ನೆ ಕೇಳುತ್ತಿದ್ದಳು. ನಮ್ಮೂರಲ್ಲಿ ಕೂಸುಗಳು ಏಕೆ ಸಾಯುತ್ತವೆ, ಅದರಲ್ಲಿ ನಮ್ಮ ಕೈಲಾದದ್ದು ಯಾವುದು ಎಂಬುದನ್ನು ಹೆಂಗಸರೇ ಚರ್ಚಿಸಿ ತೀರ್ಮಾನಿಸುತ್ತಿದ್ದರು. ಕೆಲವು ಗುಂಪುಗಳು ತುರ್ತಿಗೆಂದು ಹಣ ಕೂಡಿಹಾಕಿದವು, ಕೆಲವು ರೋಗಿಯನ್ನು ಹೊತ್ತೊಯ್ಯಲು ಸ್ಟ್ರೆಚರ್ ಸಿದ್ಧಮಾಡಿಟ್ಟವು.

ನಂತರ ಏಕ್‌ಜುಟ್ ಎಂಬ ಸಂಸ್ಥೆ ಇದೇ ವಿಧಾನವನ್ನು ಜಾರ್ಖಂಡ್ ಮತ್ತು ಒಡಿಶಾದ ಆದಿವಾಸಿ ಪ್ರದೇಶಗಳಿಗೆ ತಂದಿತು. 2010ರಲ್ಲಿ ಪ್ರಕಟವಾದ ಅದರ ಅಧ್ಯಯನದಲ್ಲಿ ಎರಡು ಮತ್ತು ಮೂರನೆಯ ವರ್ಷಗಳಲ್ಲಿ ನವಜಾತ ಶಿಶುಗಳ ಸಾವು 45 ಪ್ರತಿಶತ ಇಳಿದಿತ್ತು. ಬಾಂಗ್ಲಾದೇಶ, ಭಾರತ, ಮಲಾವಿ, ನೇಪಾಳಗಳಲ್ಲಿ ನಡೆದ ಏಳು ಪ್ರಯೋಗಗಳನ್ನು ಒಟ್ಟುಗೂಡಿಸಿ 2013ರಲ್ಲಿ ಲೆಕ್ಕ ಹಾಕಿದಾಗ, ಗುಂಪುಗಳಿದ್ದಲ್ಲಿ ತಾಯಂದಿರ ಸಾವು 37 ಪ್ರತಿಶತ, ನವಜಾತ ಶಿಶುಗಳ ಸಾವು 23 ಪ್ರತಿಶತ ಕಡಿಮೆಯಾಗಿದ್ದವು. ಆ ಲೆಕ್ಕದಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. ಊರಿನ ಗರ್ಭಿಣಿಯರಲ್ಲಿ ಕನಿಷ್ಠ 30 ಪ್ರತಿಶತ ಮಂದಿ ಗುಂಪಿಗೆ ಬಂದಲ್ಲಿ ಪರಿಣಾಮ ಇನ್ನೂ ದೊಡ್ಡದಾಗಿತ್ತು. ಹಾಗಾಗಿ ನಾಲ್ಕಾರು ಪರಿಚಿತರ ಕೂಟ ಕಟ್ಟಿಕೊಂಡರೆ ಊರಿಗೆ ಹೆಚ್ಚಿನ ಪ್ರಯೋಜನವಿಲ್ಲ. 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಆರೋಗ್ಯ ಸೌಲಭ್ಯ ಸರಿಯಾಗಿ ಸಿಗದ ಗ್ರಾಮೀಣ ಪ್ರದೇಶಗಳಿಗೆಂದು ಈ ವಿಧಾನವನ್ನು ಅಧಿಕೃತವಾಗಿ ಶಿಫಾರಸು ಮಾಡಿತು.

ಹಾಲು ಸಾಲದು ಎಂಬ ಭಯ

ಹೊಸ ತಾಯಂದಿರ ಪ್ರಶ್ನೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕೇಳಿಬರುವುದು ಇದು, ಒಡನಾಡಿಯ ನೆರವು ಎದ್ದು ಕಾಣುವುದೂ ಇಲ್ಲಿಯೇ. "ಹಾಲ ಸಾಲವಲ್ದು, ಬಾಟ್ಲಿ ಹಾಲು ಹಾಕ್ರಿ" ಎಂಬ ಮಾತು ಹೆರಿಗೆಯಾದ ಎರಡನೆಯ ದಿನವೇ ಶುರುವಾಗುತ್ತದೆ. ಆ ದಿನ ಬರುವುದು ಹಳದಿ ಬಣ್ಣದ ಗಟ್ಟಿ ಹಾಲು. ಅದರ ಪ್ರಮಾಣ ಚಮಚಗಳಲ್ಲಿ ಅಳೆಯುವಷ್ಟೇ ಇರುತ್ತದೆ, ಕೂಸಿನ ಪುಟ್ಟ ಹೊಟ್ಟೆಗೆ ಬೇಕಾದದ್ದೂ ಅಷ್ಟೇ. ಹಾಲು ತುಂಬಿಕೊಳ್ಳುವುದು ಸಾಮಾನ್ಯವಾಗಿ ಮೂರು ನಾಲ್ಕನೆಯ ದಿನ. ಅದಕ್ಕೆ ಮೊದಲು ಕೂಸಿನ ತೂಕ ಸ್ವಲ್ಪ ಇಳಿಯುವುದು ಸಹಜ. ಎರಡು ವಾರದೊಳಗೆ ಹುಟ್ಟಿದಾಗಿನ ತೂಕ ಮರಳಿ ಬರಬೇಕು.

ಹಾಲು ಉತ್ಪತ್ತಿಯಾಗುವ ಬಗೆ ಬಾವಿಯ ಸೆಲೆಯಂತೆ: ಸೇದಿದಷ್ಟೂ ಊರುತ್ತದೆ, ಸೇದದೆ ಬಿಟ್ಟರೆ ಸೆಲೆ ಕಟ್ಟುತ್ತದೆ. ಕೂಸು ಚೀಪಿದಾಗ ತಾಯಿಯ ಮೆದುಳಿಗೆ ಸೂಚನೆ ಹೋಗಿ, ಹಾಲು ತಯಾರಿಸುವ ಮತ್ತು ಹಾಲನ್ನು ಇಳಿಸುವ ಎರಡು ಹಾರ್ಮೋನುಗಳು ಹೊರಡುತ್ತವೆ. ಬಾಟಲಿ ಹಾಲು ಕುಡಿದ ಕೂಸು ಹೊಟ್ಟೆ ತುಂಬಿ ಮಲಗುತ್ತದೆ, ಚೀಪುವುದು ಕಡಿಮೆಯಾಗುತ್ತದೆ, ಅದರಿಂದ ಹಾಲೂ ಕಡಿಮೆಯಾಗುತ್ತದೆ. ಕೊನೆಗೆ ಹಾಲು ಸಾಲದು ಎಂದು ಹೇಳಿದವರ ಮಾತೇ ನಿಜವಾಗಿಬಿಡುತ್ತದೆ! ಆದ್ದರಿಂದ ಅನುಭವವಿರುವ ಒಡನಾಡಿ ಹಾಲಿನ ಅಳತೆಯ ಚರ್ಚೆಗೆ ಇಳಿಯದೆ, ಕೂಸು ದಿನಕ್ಕೆ ಎಷ್ಟು ಸಲ ಉಚ್ಚೆ ಮಾಡುತ್ತದೆ ಎಂದು ಕೇಳುತ್ತಾಳೆ. ಮೊದಲ ವಾರ ಕಳೆದ ಮೇಲೆ ಹಗಲು ರಾತ್ರಿ ಸೇರಿ ಆರು ಅಥವಾ ಹೆಚ್ಚು ಬಾರಿ ಬಟ್ಟೆ ಒದ್ದೆಯಾಗುತ್ತಿದ್ದು, ತೂಕವೂ ಏರುತ್ತಿದ್ದರೆ ಹಾಲು ಸಾಲುತ್ತಿದೆ ಎಂದೇ ಅರ್ಥ. ನಂತರ ಪಕ್ಕದಲ್ಲಿ ಕುಳಿತು ಕೂಸು ಹಿಡಿದ ರೀತಿಯನ್ನು ನೋಡುತ್ತಾಳೆ. ತೊಟ್ಟಿನ ತುದಿಯನ್ನಷ್ಟೇ ಹಿಡಿದು ಚೀಪಿದರೆ ತೊಟ್ಟು ಒಡೆಯುತ್ತದೆ, ಹಾಲೂ ಬರುವುದಿಲ್ಲ. ತೊಟ್ಟಿನ ಸುತ್ತಲಿನ ಕಪ್ಪು ಭಾಗ, ಅದರಲ್ಲೂ ಕೆಳಗಿನ ಭಾಗ, ಬಾಯೊಳಗೆ ಹೋಗಬೇಕು. ಕೆಳತುಟಿ ಹೊರಕ್ಕೆ ಮಡಚಿರಬೇಕು. ಗದ್ದ ಎದೆಗೆ ತಾಗಿರಬೇಕು. ಪುಸ್ತಕದಲ್ಲಿ ಓದಿದರೆ ಇದು ತಲೆಗೆ ಹತ್ತುವುದಿಲ್ಲ; ಒಬ್ಬರು ಕೈಹಿಡಿದು ತೋರಿಸಿದರೆ ಐದು ನಿಮಿಷದ ಕೆಲಸ.

ಕೆಲವು ತಿಳಿವಳಿಕೆಗಳಂತೂ ಆಯಾ ಕೆಲಸ ಮಾಡುವ ತಾಯಂದಿರಿಗೇ ಗೊತ್ತಿರುವಂಥವು. ಬ್ಯಾಡಗಿಯ ಮೆಣಸಿನಕಾಯಿ ಹಂಗಾಮಿನಲ್ಲಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುವ ಹೆಂಗಸರಲ್ಲಿ ಹಾಲುಣಿಸುವ ತಾಯಂದಿರೂ ಇರುತ್ತಾರೆ. ದಿನವಿಡೀ ಮೆಣಸಿನಕಾಯಿ ಮುಟ್ಟಿದ ಕೈಯನ್ನು ಬರೀ ನೀರಿನಲ್ಲಿ ತೊಳೆದು ಕೂಸನ್ನು ಎತ್ತಿಕೊಂಡರೆ, ಅದರ ಕಣ್ಣು ತುಟಿಗೆ ಖಾರ ತಾಗಿ ಚೀರಾಡುತ್ತದೆ. ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಅಡುಗೆ ಎಣ್ಣೆಯನ್ನು ಬೆರಳ ಸಂದಿಗೂ ಉಗುರಿನ ಬುಡಕ್ಕೂ ಸವರಿ, ಒರೆಸಿ, ಆಮೇಲೆ ಸಾಬೂನಿನಿಂದ ಎರಡು ಸಲ ತೊಳೆಯುವುದು ಸರಿಯಾದ ಕ್ರಮ. ಸೀರೆಯ ಸೆರಗಿಗೂ ಧೂಳು ಹತ್ತಿರುತ್ತದೆ, ಅದನ್ನು ಬದಲಿಸಿಯೇ ಹಾಲುಣಿಸಬೇಕು. ತಾಯಿ ಕಾರ್ಡಿನಲ್ಲಿ ಇದಕ್ಕೆಲ್ಲ ಜಾಗವಿಲ್ಲ.

ಅಳುವಿನ ಮೂರು ಬಗೆ

ಹೆರಿಗೆಯಾದ ಎರಡು ಮೂರನೆಯ ದಿನದಿಂದ ಅನೇಕ ಬಾಣಂತಿಯರಿಗೆ ಕಾರಣವಿಲ್ಲದೆ ಅಳು ಬರುತ್ತದೆ, ಸಿಡುಕು ಬರುತ್ತದೆ. ದೇಹದಲ್ಲಿ ಹಾರ್ಮೋನುಗಳು ಒಮ್ಮೆಗೇ ಇಳಿದುಬಿಡುವುದು, ನಿದ್ದೆ ಕೆಡುವುದು ಇದಕ್ಕೆ ಕಾರಣ. ಇದು ಎರಡು ವಾರದೊಳಗೆ ತಾನಾಗಿ ಹೋಗುತ್ತದೆ. ಔಷಧಿ ಬೇಕಿಲ್ಲ, ಕೂಸನ್ನು ಒಂದು ತಾಸು ಹಿಡಿದು ತಾಯಿಯನ್ನು ಮಲಗಿಸುವವರು ಬೇಕು.

ಎರಡನೆಯದು ಖಿನ್ನತೆ. ಎರಡು ವಾರ ದಾಟಿದರೂ ಮಂಕು ಕವಿದಿರುವುದು, ಕೂಸು ಮಲಗಿದಾಗಲೂ ನಿದ್ದೆ ಬಾರದಿರುವುದು, ತಾನು ಕೆಟ್ಟ ತಾಯಿ ಎಂಬ ಯೋಚನೆ ಬಿಡದೆ ಕಾಡುವುದು ಇದರ ಲಕ್ಷಣಗಳು. ಭಾರತದ 38 ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಸುಮಾರು 22 ಪ್ರತಿಶತ ತಾಯಂದಿರಲ್ಲಿ ಇದು ಕಾಣುತ್ತದೆ, ಅಂದರೆ ಐದು ಬಾಣಂತಿಯರಲ್ಲಿ ಒಬ್ಬಳಿಗಿಂತ ಹೆಚ್ಚು. ಇದನ್ನು ಗುರುತಿಸಲು 1987ರಲ್ಲಿ ಎಡಿನ್‌ಬರೋದಲ್ಲಿ ರೂಪುಗೊಂಡ ಹತ್ತು ಪ್ರಶ್ನೆಗಳ ಒಂದು ಮಾಪಕವಿದೆ. ಅದರ ಕನ್ನಡ ರೂಪವನ್ನೂ ಗ್ರಾಮೀಣ ತಾಯಂದಿರಲ್ಲಿ ಪರೀಕ್ಷಿಸಿ ನೋಡಲಾಗಿದೆ. ಖಿನ್ನತೆಯ ವಿಷಯದಲ್ಲಿ ಒಡನಾಡಿ ತಾಯಿಯ ಮಾತು ಎಷ್ಟು ಕೆಲಸ ಮಾಡುತ್ತದೆ ಎಂಬುದಕ್ಕೆ ಕೆನಡಾದ ಅಧ್ಯಯನವೊಂದು ಚೆನ್ನಾದ ಉದಾಹರಣೆ. ಖಿನ್ನತೆಯ ಅಪಾಯವಿದ್ದ ತಾಯಂದಿರಿಗೆ, ಹಿಂದೆ ಅದನ್ನು ಅನುಭವಿಸಿ ಹೊರಬಂದ ತಾಯಂದಿರು ಫೋನ್ ಮಾಡಿ ಮಾತನಾಡುತ್ತಿದ್ದರು, ಅಷ್ಟೇ. 12 ವಾರಗಳ ಹೊತ್ತಿಗೆ ಅಂಥ ಫೋನ್ ಬಂದವರಲ್ಲಿ 14 ಪ್ರತಿಶತ, ಬಾರದವರಲ್ಲಿ 25 ಪ್ರತಿಶತ ಮಂದಿಗೆ ಖಿನ್ನತೆಯ ಲಕ್ಷಣಗಳಿದ್ದವು ಎಂದು 2009ರಲ್ಲಿ ಪ್ರಕಟವಾಯಿತು. ನಮ್ಮ ನೆರೆಯ ಗೋವಾದಲ್ಲಿಯೂ ತರಬೇತಿ ಪಡೆದ ಸಾಮಾನ್ಯ ಹೆಂಗಸರನ್ನು ಸಖಿಯರೆಂದು ಕರೆದು, ಖಿನ್ನತೆಯಿರುವ ಗರ್ಭಿಣಿಯರ ಮನೆಗೆ ಕಳಿಸಿದ ಪ್ರಯೋಗ ನಡೆದಿದೆ. ಜಾರ್ಖಂಡ್-ಒಡಿಶಾದ ಗುಂಪುಗಳಲ್ಲಿ ಮಾತ್ರ ಖಿನ್ನತೆಯ ಮೇಲಿನ ಪರಿಣಾಮ ಕಾಣಿಸಿದ್ದು ಮೂರನೆಯ ವರ್ಷದಲ್ಲಿ. ಒಬ್ಬರನ್ನೊಬ್ಬರು ನಂಬಲು ಅಷ್ಟು ಕಾಲ ಹಿಡಿದಿರಬೇಕು.

ಮೂರನೆಯದನ್ನು ಹಿರಿಯರು ಬಾಣಂತಿ ಸನ್ನಿ ಎನ್ನುತ್ತಾರೆ. ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ, ಹೆಚ್ಚಾಗಿ ಮೊದಲ ಎರಡು ವಾರದಲ್ಲಿ ಕಾಣಿಸಿಕೊಳ್ಳುತ್ತದೆ. ಬಾಣಂತಿಗೆ ಇಲ್ಲದ ದನಿ ಕೇಳಿಸಬಹುದು, ಕೂಸು ತನ್ನದಲ್ಲವೆಂದು ಅನ್ನಿಸಬಹುದು, ರಾತ್ರಿಯೆಲ್ಲ ನಿದ್ದೆಯಿಲ್ಲದೆ ಓಡಾಡಬಹುದು. ಇದು ಗಾಳಿ ಸೋಕಿದ್ದಲ್ಲ, ಮೈಮೇಲೆ ಬಂದದ್ದೂ ಅಲ್ಲ. ಅದೇ ದಿನ ಆಸ್ಪತ್ರೆಗೆ ಹೋಗಬೇಕಾದ ಕಾಯಿಲೆ. ತಾಯಿಗೂ ಕೂಸಿಗೂ ಅಪಾಯವಿರುವುದರಿಂದ ಇಬ್ಬರನ್ನೇ ಬಿಟ್ಟು ಹೋಗಬಾರದು. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್‌ನಲ್ಲಿ ಇದಕ್ಕೆ ಚಿಕಿತ್ಸೆ ಇದೆ, ಸಕಾಲಕ್ಕೆ ಸಿಕ್ಕರೆ ಬಹುಪಾಲು ತಾಯಂದಿರು ಪೂರ್ತಿ ಗುಣವಾಗುತ್ತಾರೆ. ಎಲ್ಲಿಗೆ ಹೋಗಬೇಕೆಂದು ತೋಚದಿದ್ದರೆ 14416ಕ್ಕೆ ಕರೆ ಮಾಡಬಹುದು. ಅದು 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ. ಉಚಿತ, ಕನ್ನಡದಲ್ಲಿಯೂ ಮಾತನಾಡುತ್ತಾರೆ.

"ನಮಗೂ ಹಿಂಗ ಆಗಿತ್ತು" ಎನ್ನಬಾರದ ಹೊತ್ತು

ಒಡನಾಡಿ ನೆರವಿನ ಬಲವೆಲ್ಲ ಒಂದು ಮಾತಿನಲ್ಲಿದೆ: "ನಮಗೂ ಹಿಂಗ ಆಗಿತ್ತವ್ವ, ಏನೂ ಆಗೂದಿಲ್ಲ." ಅದರ ಅಪಾಯವೂ ಅದೇ ಮಾತಿನಲ್ಲಿದೆ. ಹಾಲಿನ ಭಯಕ್ಕೆ, ಮೊದಲ ವಾರದ ಅಳುವಿಗೆ, ಕಾಲು ಸೆಳೆತಕ್ಕೆ ಈ ಮಾತು ಮದ್ದು. ಅದೇ ಮಾತನ್ನು ತಲೆನೋವಿಗೆ ಹೇಳಿದರೆ ಜೀವ ಹೋಗಬಹುದು. ಬಸುರಿನಲ್ಲಿಯೂ, ಹೆರಿಗೆಯಾದ ಆರು ವಾರಗಳವರೆಗೂ ರಕ್ತದೊತ್ತಡ ಏರಿ ಫಿಟ್ಸ್ ಬರುವ ಸಾಧ್ಯತೆಯಿದೆ. ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮುಖ-ಕೈ ಊದುವುದು ಅದರ ಮುನ್ಸೂಚನೆ. ಬಸುರಿನಲ್ಲಿ ರಕ್ತ ಕಾಣುವುದು, ನೀರು ಒಡೆಯುವುದು, ಕೂಸಿನ ಮಿಸುಕಾಟ ಕಡಿಮೆಯಾಗುವುದು; ಬಾಣಂತನದಲ್ಲಿ ಒಂದು ತಾಸಿನೊಳಗೆ ಪ್ಯಾಡ್ ಪೂರ್ತಿ ತೊಯ್ಯುವಷ್ಟು ರಕ್ತಸ್ರಾವ, ಜ್ವರದೊಡನೆ ದುರ್ವಾಸನೆಯ ಸ್ರಾವ, ಒಂದೇ ಕಾಲಿನ ಮೀನಖಂಡದಲ್ಲಿ ನೋವು ಮತ್ತು ಊತ, ಉಸಿರಾಡಲು ಕಷ್ಟ: ಇವು ಯಾವುದಕ್ಕೂ ಅನುಭವದ ಮಾತು ಬೇಡ, ಗಾಡಿ ಬೇಕು. ಕೂಸು ಮೊಲೆ ಹಿಡಿಯದಿದ್ದರೆ, ನಿಮಿಷಕ್ಕೆ 60 ಅಥವಾ ಹೆಚ್ಚು ಬಾರಿ ಉಸಿರಾಡಿದರೆ, ಉಸಿರೆಳೆದಾಗ ಪಕ್ಕೆ ಒಳಸೇರಿದರೆ, ಮೈ ತಣ್ಣಗಾದರೆ ಅಥವಾ ಸುಡುತ್ತಿದ್ದರೆ, ಹುಟ್ಟಿದ ಮೊದಲ ದಿನವೇ ಹಳದಿಯಾದರೆ ಇಲ್ಲವೆ ಅಂಗೈ ಅಂಗಾಲಿಗೂ ಹಳದಿ ಇಳಿದರೆ ಅದಕ್ಕೂ ಇದೇ ಮಾತು ಸಲ್ಲುತ್ತದೆ.

ತಾಯಂದಿರ ಸಾವಿನ ಹಿಂದೆ ಮೂರು ವಿಳಂಬಗಳಿರುತ್ತವೆ ಎಂಬುದು ಸಾರ್ವಜನಿಕ ಆರೋಗ್ಯದಲ್ಲಿ 1994ರಿಂದ ಬಳಕೆಯಲ್ಲಿರುವ ವಿವರಣೆ. ಹೋಗಬೇಕೆಂದು ತೀರ್ಮಾನಿಸುವಲ್ಲಿ ತಡ, ಆಸ್ಪತ್ರೆ ಮುಟ್ಟುವಲ್ಲಿ ತಡ, ಮುಟ್ಟಿದ ಮೇಲೆ ಚಿಕಿತ್ಸೆ ಸಿಗುವಲ್ಲಿ ತಡ. ಮೂರನೆಯದು ಆಸ್ಪತ್ರೆಯ ಹೊಣೆ, ಅದನ್ನು ಹೆಂಗಸರ ಗುಂಪಿನ ತಲೆಗೆ ಕಟ್ಟಲಾಗದು. ಮೊದಲ ಎರಡನ್ನು ಮಾತ್ರ ಒಡನಾಡಿಗಳು ಕಡಿಮೆ ಮಾಡಬಲ್ಲರು. ಸೊಸೆ ಒಬ್ಬಳೇ ಹೇಳಿದರೆ "ನಾಳೆ ನೋಡೂಣು" ಎನ್ನುವ ಅತ್ತೆ, ಓಣಿಯ ಮೂವರು ಬಂದು "ಅತ್ತೀ, ಈಗ ಕರಕೊಂಡು ಹೋಗೂಣ್ರಿ" ಎಂದರೆ ಎದ್ದು ಹೊರಡುತ್ತಾಳೆ. ನವಲಗುಂದ, ನರಗುಂದ, ರೋಣದ ಎರೆ ಭೂಮಿಯ ಊರುಗಳಲ್ಲಿ ಬೆಣ್ಣೆಹಳ್ಳ ತುಂಬಿದರೆ ದಾರಿಯೇ ಕಟ್ಟಾಗುವುದುಂಟು. ಅಂಥ ಕಡೆ ತಿಂಗಳು ತುಂಬಿದವಳನ್ನು ಮಳೆಗಾಲದಲ್ಲಿ ಮೊದಲೇ ಹಳ್ಳದಾಚೆಯ ಸಂಬಂಧಿಕರ ಮನೆಯಲ್ಲಿ ಇರಿಸುವುದು, ರಾತ್ರಿ ಬರಲೊಪ್ಪುವ ಗಾಡಿಯವನ ನಂಬರನ್ನು 108ರ ಜೊತೆಗೆ ಗೋಡೆಯ ಮೇಲೆ ಬರೆದಿಡುವುದು, ಸಂಘದಲ್ಲಿ ತುರ್ತಿನ ಹಣ ಎತ್ತಿಡುವುದು ಇವೆಲ್ಲ ಎರಡನೆಯ ವಿಳಂಬಕ್ಕೆ ಉತ್ತರ.

ತಪ್ಪು ತಿಳಿವಳಿಕೆಯೂ ಇದೇ ದಾರಿಯಲ್ಲಿ ಹರಡುತ್ತದೆ ಎಂಬುದನ್ನು ಮರೆಯಬಾರದು. ಹೊಟ್ಟೆ ಬರುತ್ತದೆಂದು ಬಾಣಂತಿಗೆ ನೀರು ಕಡಿಮೆ ಕೊಡುವ ರೂಢಿ ಇನ್ನೂ ಇದೆ. ಹೆರಿಗೆಯ ನಂತರದ ವಾರಗಳಲ್ಲಿ ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚಿರುತ್ತದೆ, ದೇಹದಲ್ಲಿ ನೀರೂ ಕಡಿಮೆಯಾದರೆ ಮೆದುಳಿನ ರಕ್ತನಾಳದಲ್ಲಿ ಗರಣೆ ಕಟ್ಟುವ ಅಪಾಯ ಏರುತ್ತದೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಹೊರಸಿನ ಕೆಳಗೆ ಕೆಂಡ ಇಡುವುದರಿಂದ ವಿಷಾನಿಲ ತುಂಬಬಹುದು. ಆರು ತಿಂಗಳವರೆಗೆ ಎದೆಹಾಲು ಮಾತ್ರ ಎಂದರೆ ಗುಟ್ಟಿ, ಜೇನುತುಪ್ಪ, ಸಕ್ಕರೆ ನೀರು ಯಾವುದೂ ಇಲ್ಲವೆಂದೇ ಅರ್ಥ. ಅಂಟಿನ ಉಂಡಿಗೆ, ಅಳವಿ ಪಾಯಸಕ್ಕೆ ಯಾರ ತಕರಾರೂ ಇಲ್ಲ. ಸಕ್ಕರೆ ಕಾಯಿಲೆ ಇದ್ದವರು ವೈದ್ಯರನ್ನು ಕೇಳಿದರಾಯಿತು.

ಕೂಸು ಉಳಿಯದಾಗ

ತೊಟ್ಟಿಲ ಕಾರ್ಯಕ್ಕೆ, ಕುಬಸಕ್ಕೆ ಓಣಿಯೆಲ್ಲ ಸೇರುತ್ತದೆ. ಗರ್ಭ ಇಳಿದುಹೋದವಳನ್ನು, ಕೂಸು ಕಳೆದುಕೊಂಡವಳನ್ನು ಮಾತ್ರ ಆ ಸಾಲಿನಿಂದ ಹೊರಗಿಡುತ್ತಾರೆ. ತಿಳಿದುಬಂದ ಬಸುರುಗಳಲ್ಲಿ 10ರಿಂದ 20 ಪ್ರತಿಶತ ಗರ್ಭಪಾತದಲ್ಲಿ ಕೊನೆಯಾಗುತ್ತವೆ. ಮೊದಲ ಮೂರು ತಿಂಗಳ ಗರ್ಭಪಾತಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಭ್ರೂಣದ ವರ್ಣತಂತುಗಳಲ್ಲಿನ ದೋಷವೇ ಕಾರಣ. ಕೊಡ ಎತ್ತಿದ್ದರಿಂದ, ಬಸ್ಸಿನಲ್ಲಿ ಹೋಗಿಬಂದದ್ದರಿಂದ ಅಲ್ಲ. ತಿಂಗಳು ತುಂಬುತ್ತಾ ಬಂದು ಕೂಸು ತೀರಿಕೊಂಡಾಗ ಯಾರೂ ಮುಂಚಿತವಾಗಿ ಹೇಳದ ಸಂಗತಿ ಇನ್ನೊಂದಿದೆ: ಮೂರು ನಾಲ್ಕನೆಯ ದಿನ ಎದೆಯಲ್ಲಿ ಹಾಲು ತುಂಬಿಕೊಳ್ಳುತ್ತದೆ. ಬಿಗಿಯಾಗಿ ಕಟ್ಟದೆ, ತಣ್ಣನೆಯ ಬಟ್ಟೆಯಿಟ್ಟು, ನೋವು ತಡೆಯದಾದಾಗ ಸ್ವಲ್ಪವಷ್ಟೇ ಹಿಂಡಿ ತೆಗೆದರೆ ಕೆಲವು ದಿನಗಳಲ್ಲಿ ಅದು ಇಂಗುತ್ತದೆ. ಇದನ್ನು ಹೇಳಲು ಅದೇ ದುಃಖ ಕಂಡವಳೇ ಬೇಕು. ಕೂಲಿ ಬಿಟ್ಟು ನೌಕರಿಯಲ್ಲಿರುವವರಿಗೆ ತಿಳಿದಿರಲಿ, ಹೆರಿಗೆ ಸೌಲಭ್ಯದ ಕಾನೂನಿನ ಪ್ರಕಾರ ಗರ್ಭಪಾತವಾದಾಗ ಆರು ವಾರಗಳ ಸಂಬಳ ಸಹಿತ ರಜೆ ಇದೆ.

ತವರಿನಿಂದ ಗಂಡನ ಮನೆಗೆ

ನಮ್ಮ ಭಾಗದ ರೂಢಿಯಲ್ಲಿ ಈ ನೆರವಿಗೆ ಒಂದು ದೊಡ್ಡ ತೊಡಕಿದೆ. ಹಾನಗಲ್ಲಿನ ಕಡೆಗೆ ಮದುವೆಯಾದವಳು ಅಲ್ಲಿನ ಅಂಗನವಾಡಿಯಲ್ಲಿ ಹೆಸರು ಹಚ್ಚಿಸಿ, ಅಲ್ಲಿಯ ಗರ್ಭಿಣಿಯರ ಒಡನಾಟ ಬೆಳೆಸಿಕೊಂಡು, ಕುಬಸ ಮುಗಿದ ಮೇಲೆ ಕುಂದಗೋಳದ ತವರಿಗೆ ಬರುತ್ತಾಳೆ. ತವರಲ್ಲಿ ತಾಯಿ ಇದ್ದಾಳೆ, ಆದರೆ ಜೊತೆಗೆ ಬಸುರಾದ ಗೆಳತಿಯರಿಲ್ಲ. ಕೂಸಿಗೆ ಮೂರೋ ಐದೋ ತಿಂಗಳಾದಾಗ ಮರಳಿ ಗಂಡನ ಮನೆಗೆ ಹೋಗುತ್ತಾಳೆ. ಅಲ್ಲಿ ಬಾಣಂತನದ ಆರೈಕೆ ಮುಗಿದಿರುತ್ತದೆ, ಮನೆಗೆಲಸ ಶುರುವಾಗಿರುತ್ತದೆ. ಆಸ್ಪತ್ರೆಯಲ್ಲಿ ಹೆರಿಗೆಯಾದವಳ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಬರಬೇಕೆಂಬ ನಿಯಮವಿದೆ, ಆಮೇಲಿನ ಭೇಟಿ ಮೂರನೆಯ ತಿಂಗಳಿಗೆ. ಊರು ಬದಲಾಗುವ ಹೊತ್ತಿಗೆ ಈ ಎಳೆ ಸುಲಭವಾಗಿ ತಪ್ಪಿಹೋಗುತ್ತದೆ. ಖಿನ್ನತೆ ಕಾಣಿಸಿಕೊಳ್ಳುವುದೂ, ಎದೆಹಾಲು ಬಿಡಿಸುವ ಒತ್ತಡ ಬರುವುದೂ ಬಹಳ ಸಲ ಇದೇ ತಿಂಗಳುಗಳಲ್ಲಿ.

ಇದಕ್ಕೆ ಹೊಸ ಯೋಜನೆಯೇನೂ ಬೇಕಾಗಿಲ್ಲ ಎಂದು ಈ ಲೇಖಕರ ಅನಿಸಿಕೆ. ತಾಯಂದಿರು ಸೇರುವ ಸ್ಥಳಗಳು ಈಗಾಗಲೇ ಇವೆ. 2017ರ ಅಕ್ಟೋಬರ್ 2ರಂದು ಆರಂಭವಾದ ಮಾತೃಪೂರ್ಣ ಯೋಜನೆ ಗರ್ಭಿಣಿ-ಬಾಣಂತಿಯರನ್ನು ಮಧ್ಯಾಹ್ನದ ಊಟಕ್ಕೆಂದು ಅಂಗನವಾಡಿಗೆ ಕರೆಯಿತು. ಅಲ್ಲಿ ಊಟಕ್ಕಿಂತ ಊಟಕ್ಕೆ ಮುಂಚಿನ ಹರಟೆಯೇ ಹೆಚ್ಚು ಪುಷ್ಟಿಕರವೆಂದರೂ ತಪ್ಪಾಗದು. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ಉಚಿತ ತಪಾಸಣೆ ನಡೆಯುತ್ತದೆ. ಆರು, ಹತ್ತು, ಹದಿನಾಲ್ಕನೆಯ ವಾರದ ಲಸಿಕೆ ಹಾಕಿಸಿದ ಮೇಲೆ ಕೂಸನ್ನು ಅರ್ಧ ತಾಸು ಅಲ್ಲಿಯೇ ಕೂಡಿಸಿಕೊಳ್ಳಬೇಕು. ಆ ಅರ್ಧ ತಾಸಿನಲ್ಲಿ ಆಶಾ ಕಾರ್ಯಕರ್ತೆ, ಊರಿಗೆ ಹೊಸದಾಗಿ ಮರಳಿದ ತಾಯಿಯನ್ನು ವರ್ಷದ ಕೂಸಿರುವ ಇನ್ನೊಬ್ಬ ತಾಯಿಯ ಪಕ್ಕದಲ್ಲಿ ಕೂಡಿಸಿ, ಇಬ್ಬರ ಫೋನ್ ನಂಬರುಗಳನ್ನೂ ತಾಯಿ ಕಾರ್ಡಿನ ಹಿಂದೆ ಬರೆದುಕೊಟ್ಟರೆ ಸಾಕು. ತವರಿಗೆ ಹೋಗುವಾಗ ಹೊರಡುವ ಊರಿನ ಆಶಾ, ಸೇರುವ ಊರಿನ ಆಶಾಗೆ ಫೋನ್ ಮಾಡಿ ತಿಳಿಸಬೇಕು. ಸೊಸೆ ಮರಳುವಾಗಲೂ ಹಾಗೆಯೇ.